ಗ್ಲಾಸ್ಗೊದಲ್ಲಿ ಉಳಿದ ಅಪ್ಪನ ದನಿ

ಶಿವಾರಪಟ್ಟಣ, ನವೆಂಬರ್ 8

ಹೊರದೇಶಕ್ಕೆ ಹೋಗುವವರ ಕೈಲಿ ಊರಿನವರು ಸೆಂಟು, ಚಾಕೊಲೇಟು, ಫೋನು ತರಿಸಿಕೊಳ್ಳುತ್ತಾರೆ. ಅಮ್ಮ ನನಗೆ ಹೇಳಿದ್ದು ಅಪ್ಪನ ದನಿ ತರಲು.

ಅಪ್ಪ ನಂಜುಂಡಾಚಾರಿ ವಿಗ್ರಹ ಕೆತ್ತುವವರು. ಕಳೆದ ವರ್ಷ ಯುಗಾದಿಯ ಮರುವಾರ ಅವರಿಗೆ ಲಕ್ವ ಹೊಡೆಯಿತು. ಕೋಲಾರದ ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ ಬಲಗಾಲು ಇದ್ದೂ ಇಲ್ಲದಂತಿದ್ದವು. ಮಾತು ಹೋಗಿತ್ತು. ಉಳಿದದ್ದು ಒಂದೇ ಪದ, "ಬೇಡ". ಕಾಫಿ ತಂದರೆ "ಬೇಡ" ಎನ್ನುತ್ತಲೇ ಎಡಗೈ ಚಾಚುತ್ತಾರೆ. ಮೊಮ್ಮಗು ತೊಡೆ ಹತ್ತಿದರೆ "ಬೇಡ ಬೇಡ" ಎಂದು ಮುದ್ದಿಸುತ್ತಾರೆ. ಬೇರೆಯವರ ಮಾತು ಅವರಿಗೆ ಅರ್ಥವಾಗುತ್ತದೆ, ತಾವು ಹೇಳಹೋದಾಗ ಬಾಯಿಗೆ ಬರುವುದು ಆ ಪದ ಮಾತ್ರ, ಹೀಗೆ ಕೆಲವರಿಗೆ ಆಗುವುದುಂಟು ಎಂದು ಡಾಕ್ಟರು ವಿವರಿಸಿದರು. ಈಗ ನಾವು ಅಪ್ಪನ ಬೇಡಗಳನ್ನು ರಾಗದಿಂದ ಗುರುತಿಸುತ್ತೇವೆ. ಕೊಡಿ ಎನ್ನುವ ಬೇಡ ಬೇರೆ, ಸಾಕು ಎನ್ನುವ ಬೇಡ ಬೇರೆ.

ನಾನು ಹುಟ್ಟಿನಿಂದ ಕುರುಡಿ. ಮುಳಬಾಗಿಲಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಬಿಡುವಿನಲ್ಲಿ, ಕನ್ನಡ ಪುಸ್ತಕಗಳ ಇ-ಪ್ರತಿಗಳನ್ನು ನಮ್ಮಂಥವರ ಕಂಪ್ಯೂಟರು ಗಟ್ಟಿಯಾಗಿ ಓದುವ ಹಾಗೆ ತಿದ್ದುವ ಗೆಳೆಯರ ಗುಂಪಿನಲ್ಲಿ ಕೆಲಸ ಮಾಡುತ್ತೇನೆ. ದಿನಚರಿಯನ್ನು ಬ್ರೈಲ್ ಸ್ಲೇಟಿನಲ್ಲಿ ಚುಚ್ಚಿಡುತ್ತೇನೆ. ಮನೆಯ ಉಳಿದವರಿಗೆ ಅಪ್ಪನ ಮುಖವಾದರೂ ಇದೆ. ನನಗೆ ಅಪ್ಪ ಎಂದರೆ ದನಿ. ಅದು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದೆವು. ಅಣ್ಣನ ಮದುವೆಯ ವಿಡಿಯೊದಲ್ಲಿ ಅಪ್ಪ ಒಂದು ಕಡೆ "ಊಟ ಮಾಡ್ಕೊಂಡು ಹೋಗಿ" ಎನ್ನುತ್ತಾರೆ. ಅದರ ಮೇಲೆ ಓಲಗ. ಒಟ್ಟು ಅಷ್ಟೇ.

ಆಗ ಅಮ್ಮನಿಗೆ ದೊರೆಸಾನಮ್ಮ ನೆನಪಾದರು. ನನಗೆ ಆರು ವರ್ಷವಾಗಿದ್ದಾಗ ಸ್ಕಾಟ್ಲೆಂಡಿನಿಂದ ಒಬ್ಬ ಹೆಂಗಸು ಬಂದು, ನಮ್ಮ ಬೀದಿಯಲ್ಲಿ ಕೋಣೆ ಹಿಡಿದು, ಮೂರು ತಿಂಗಳು ಅಪ್ಪನ ಶೆಡ್ಡಿನಲ್ಲಿ ಕೂತು ಕಲ್ಲಿನ ಕೆಲಸದ ಬಗ್ಗೆ ಅವರ ಮಾತನ್ನು ಯಂತ್ರಕ್ಕೆ ತುಂಬಿಕೊಂಡಿದ್ದರು. "ನನ್ನ ಹತ್ರ ನಲವತ್ತು ವರ್ಷದಲ್ಲಿ ಆಡ್ದಿರೋ ಮಾತೆಲ್ಲ ಆ ಯಮ್ಮನ ಹತ್ರ ಆಡಿಬಿಟ್ರು" ಎಂದು ಅಮ್ಮ ಈಗಲೂ ಹೇಳುತ್ತಾಳೆ. ಹೋಗುವ ಮುಂಚೆ ಆಕೆ ಒಂದು ಇಂಗ್ಲಿಷ್ ಕಾಗದಕ್ಕೆ ಅಪ್ಪನ ಸಹಿ ಹಾಕಿಸಿಕೊಂಡರಂತೆ. ಊರು ಬಿಡುವಾಗ ಇಂಥದ್ದೆಲ್ಲ ಇರುತ್ತದೆ ಎಂದುಕೊಂಡು ಅಪ್ಪ ಕನ್ನಡದಲ್ಲಿ ಸಹಿ ಮಾಡಿದರು.

ಆಕೆ ಈಗಿಲ್ಲ. ಆ ಮಾತುಗಳಿಂದ ಆಕೆ ಮಾಡಿದ ಪುಸ್ತಕ ಇದೆ. ಅದರ ಇ-ಪುಸ್ತಕದಲ್ಲಿ ಅಲ್ಲಲ್ಲಿ ಒತ್ತಿದರೆ ಅಪ್ಪನ ದನಿ ಕೇಳುತ್ತದೆ ಎಂದೂ ಗೊತ್ತಾಯಿತು. ಆದರೆ ಪ್ರಕಾಶಕರು ಅದನ್ನು ವಿಶ್ವವಿದ್ಯಾಲಯಗಳಿಗೆ ಮಾತ್ರ ಮಾರುತ್ತಾರೆ. ಬೆಂಗಳೂರಿನಲ್ಲಿ ಒಬ್ಬ ಅಧ್ಯಾಪಕರು ತಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ತೆರೆದುಕೊಟ್ಟರು. ನಮ್ಮ ವಿಶ್ವವಿದ್ಯಾಲಯ ಕೊಂಡದ್ದು ದನಿಯಿಲ್ಲದ ಆವೃತ್ತಿ ಎಂದರು. ಅಕ್ಷರಕ್ಕೂ ಬೀಗ ಹಾಕಿತ್ತು. ನನ್ನ ಓದುವ ತಂತ್ರಾಂಶ ಪುಟ ಪುಟಕ್ಕೂ "ಚಿತ್ರ, ಚಿತ್ರ" ಎಂದಷ್ಟೇ ಹೇಳಿತು. ಕೊನೆಗೆ, ಗ್ಲಾಸ್ಗೊ ನಗರದಲ್ಲಿ ಅಂಧರಿಗಾಗಿ ಇರುವ ಒಂದು ಪುಸ್ತಕಾಲಯವು ಅದನ್ನು ದನಿಸಮೇತ ಓದಲು ಬರುವಂತೆ ಮಾಡಿಟ್ಟುಕೊಂಡಿದೆ ಎಂದು ತಿಳಿಯಿತು. ಅದೇ ಊರಿನ ಒಂದು ಸಭೆಗೆ ಕನ್ನಡ ಇ-ಪುಸ್ತಕಗಳ ಬಗ್ಗೆ ಹತ್ತು ನಿಮಿಷ ಮಾತಾಡಲು ನಮ್ಮ ಗುಂಪಿಗೆ ಕರೆ ಬಂದಾಗ ನಾನು ಹೋಗುತ್ತೇನೆ ಎಂದೆ. ಜೊತೆಗೊಬ್ಬರನ್ನು ಕರೆತರಬಹುದಿತ್ತು. ಅಣ್ಣ ಶೆಡ್ಡು ಬಿಡುವಂತಿರಲಿಲ್ಲ. ಅವನ ಹೆಂಡತಿ, ಯಲ್ದೂರಿನ ಸರೋಜ ಅತ್ತಿಗೆ, ಸೀರೆ ಮಡಚಿಟ್ಟು ತಯಾರಾದಳು.

ಹೊರಡುವಾಗ ಬೀದಿಯವರು ಬಂದು ಅಪ್ಪ ಹೇಗಿದ್ದಾರೆ ಎಂದು ಕೇಳಿದರು. "ಈಗ ಚೆನ್ನಾಗವ್ರೆ" ಎಂದಳು ಅಮ್ಮ. ಕಾಯಿಲೆಯವರ ಬಗ್ಗೆ ಯಾರು ಕೇಳಿದರೂ ಹಾಗೇ ಹೇಳಬೇಕು ಎಂದು ನಮ್ಮ ಮನೆಯ ನಂಬಿಕೆ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದು ಅಂಟಿಕೊಳ್ಳುತ್ತದೆ.

ವಿಮಾನ ನಿಲ್ದಾಣ, ನವೆಂಬರ್ 9

ಕುರುಡರು ವಿಮಾನ ಹತ್ತಲು ಗಾಲಿಕುರ್ಚಿ ಯಾಕೆ ಬೇಕು ಎಂಬುದು ನನಗೆ ಇನ್ನೂ ತಿಳಿದಿಲ್ಲ. ನನ್ನ ಕಾಲು ಚೆನ್ನಾಗಿದೆ ಎಂದೆ. "ರೂಲ್ಸ್ ಮೇಡಂ" ಎಂದ ಹುಡುಗ ಹೆಗಲು ಹಿಡಿದು ಕೂರಿಸಿದ. ಮುಂದೆ ಚೀಟಿ ತೋರಿಸುವಲ್ಲಿ ಸಿಬ್ಬಂದಿ ಅತ್ತಿಗೆಯನ್ನು ಕೇಳಿದರು, ಇವರ ಹೆಸರೇನು, ಇವರು ಊಟ ಮಾಡುತ್ತಾರಾ. "ಅವಳನ್ನೇ ಕೇಳಿ, ಅವಳಿಗೆ ಇಂಗ್ಲಿಷು ನಂಗಿಂತ ಚೆನ್ನಾಗಿ ಬರುತ್ತೆ" ಎಂದಳು ಅತ್ತಿಗೆ.

ದುಬೈನಲ್ಲಿ ವಿಮಾನ ಬದಲಿಸುವ ಹೊತ್ತಿಗೆ ಅತ್ತಿಗೆಯ ಮಂಡಿ ಊದಿತ್ತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾನು ತಳ್ಳಿದೆ. ಅವಳು ಕೂತಲ್ಲಿಂದ "ಬಲಕ್ಕೆ, ಇನ್ನೂ ಬಲಕ್ಕೆ, ಯಾರೋ ಅಡ್ಡ ಅವ್ರೆ, ನಿಲ್ಸು" ಎಂದು ದಾರಿ ಹೇಳುತ್ತಿದ್ದಳು. ಎತ್ತಿನ ಗಾಡಿಗಿಂತ ಚೆನ್ನಾಗಿ ಹೋಯಿತು. ಅಷ್ಟರಲ್ಲಿ ಒಬ್ಬ ಅಧಿಕಾರಿ ಓಡಿಬಂದು ನಮ್ಮನ್ನು ತಡೆದ. ಕುರ್ಚಿ ನನ್ನ ಹೆಸರಿಗೆ ಕೊಟ್ಟದ್ದಂತೆ, ಅದರಲ್ಲಿ ಬೇರೆಯವರು ಕೂರುವ ಹಾಗಿಲ್ಲವಂತೆ. ಮತ್ತೆ ನಾನು ಕೂತೆ. ಅತ್ತಿಗೆ ಕುಂಟುತ್ತ ಪಕ್ಕದಲ್ಲಿ ನಡೆದಳು.

ಆ ದಿನದ ಲೆಕ್ಕ: ಕೇಳದೆ ನನ್ನ ಕೈ ಹಿಡಿದವರು ಒಂಬತ್ತು ಮಂದಿ, ಕೇಳಿ ಹಿಡಿದವರು ಒಬ್ಬರು.

ಗ್ಲಾಸ್ಗೊ, ನವೆಂಬರ್ 10

ಇಲ್ಲಿನ ಮಳೆಗೆ ಸದ್ದಿಲ್ಲ. ನಮ್ಮಲ್ಲಿ ಮಳೆ ಬರುವ ಮುಂಚೆ ಶೀಟಿನ ಮೇಲೆ ನಾಲ್ಕು ಹನಿ ಬಡಿದು ತಿಳಿಸುತ್ತದೆ. ಇಲ್ಲಿ ಮುಖ ಒದ್ದೆಯಾದ ಮೇಲೆ ಮಳೆ ಎಂದು ಗೊತ್ತಾಗುತ್ತದೆ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಯಿತು ಎಂದು ಅತ್ತಿಗೆ ಗಾಬರಿಗೊಂಡಳು. ನನಗೆ ತಿಳಿದದ್ದು ಚಳಿ ಇಮ್ಮಡಿಯಾದದ್ದು ಮಾತ್ರ.

ರಸ್ತೆ ದಾಟುವ ಕಡೆ ಕಂಬದಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅದರ ಅಡಿಗೆ ಕೈಯಿಟ್ಟರೆ ಹೆಬ್ಬೆರಳಿನಷ್ಟು ದಪ್ಪದ ಲೋಹದ ಬುಗುರಿ ಸಿಗುತ್ತದೆ. ಹಸಿರು ದೀಪ ಬಂದಾಗ ಅದು ಗಿರಗಿರ ತಿರುಗುತ್ತದೆ. ಆಗ ದಾಟಬೇಕು. ಯಾರೂ ಇದನ್ನು ನನಗೆ ಹೇಳಿರಲಿಲ್ಲ. ಕಂಬ ತಡವುವಾಗ ತಾನಾಗಿ ಸಿಕ್ಕಿತು. ಹೋಟೆಲಿನ ಹುಡುಗಿಗೆ ಹೇಳಿದರೆ, ಇಷ್ಟು ವರ್ಷ ಇಲ್ಲೇ ಇದ್ದವಳಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಮುಳಬಾಗಿಲಿನ ಬಸ್ ನಿಲ್ದಾಣದ ಮುಂದೆ ನಾನು ದಾಟುವುದು ಹೂವಿನ ಅಂಗಡಿಯ ಫಾತಿಮಾಬಿ "ಈಗ ಬಾರಮ್ಮಾ" ಎಂದು ಕೂಗಿದಾಗ. ಆಕೆ ರಜೆ ಹಾಕಿದ ದಿನ ನಾನು ಬ್ಯಾಂಕಿಗೆ ತಡ.

ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಚಾಲಕ ನನ್ನನ್ನು "ಹೆನ್", ಅಂದರೆ ಕೋಳಿ, ಎಂದು ಕರೆದ. ಇಲ್ಲಿ ಹೆಂಗಸರನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರಂತೆ. ಅತ್ತಿಗೆಗೆ ಅದನ್ನು ವಿವರಿಸಿದೆ. "ನಮ್ಮ ಯಲ್ದೂರಲ್ಲಿ ಕರೀಲಿ ನೋಡೋಣ, ಚಪ್ಪಲಿ ಕೈಗೆ ತಗೊಂತಾರೆ" ಎಂದಳು.

ಈ ಊರು ಪೂರ್ತಿ ಕಲ್ಲಿನದು. ಒಂದು ಚರ್ಚಿನ ಗೋಡೆಗೆ ಕೈಯಿಟ್ಟೆ. ಮರಳುಗಲ್ಲು, ಒದ್ದೆ, ಬೆರಳು ಉಜ್ಜಿದರೆ ಪುಡಿ ಉದುರುತ್ತದೆ. ಬಾಗಿಲ ಪಕ್ಕದಲ್ಲಿ ಒಂದು ತಲೆ ಕೆತ್ತಿದ್ದರು. ಮೂಗು ಎಂದೋ ಕರಗಿ ಹೋಗಿತ್ತು, ಬಾಯಿ ಇದ್ದಲ್ಲಿ ಒಂದು ಗುಳಿ. ನಮ್ಮೂರ ಕಪ್ಪು ಕಲ್ಲು ಹೀಗಾಗಲು ಬಿಡುವುದಿಲ್ಲ. ಅಪ್ಪ ಇದನ್ನು ಮುಟ್ಟಿದ್ದರೆ ಏನನ್ನುತ್ತಿದ್ದರು ಎಂದು ಯೋಚಿಸಿದೆ. ಈಗಾದರೆ ಅವರು ಏನನ್ನುತ್ತಾರೆ ಎಂದು ನನಗೆ ಗೊತ್ತಿತ್ತು.

ಸಭೆ, ನವೆಂಬರ್ 11

ಸಭೆಯಲ್ಲಿ ಮೂವತ್ತು ಜನರಿದ್ದರು, ಐದು ಮಾರ್ಗದರ್ಶಿ ನಾಯಿಗಳೂ ಇದ್ದವು. ನಾಯಿಗಳು ಬಹಳ ಮರ್ಯಾದೆಯವು. ಒಬ್ಬರ ಭಾಷಣದ ಮಧ್ಯೆ ಒಂದು ನಾಯಿ ದೀರ್ಘವಾಗಿ ಆಕಳಿಸಿತು. ಅದು ನನ್ನ ಭಾಷಣವಲ್ಲ ಎಂದು ಬರೆದಿಟ್ಟುಕೊಂಡಿದ್ದೇನೆ.

ನಾನು ನಮ್ಮ ಕಷ್ಟ ಹೇಳಿದೆ. ಕನ್ನಡದ ಎಷ್ಟೋ ಪುಸ್ತಕಗಳು ಡಿಟಿಪಿ ಅಂಗಡಿಯ ಹಳೆಯ ಫಾಂಟುಗಳಲ್ಲಿ ಕೂತಿವೆ. ಕಣ್ಣಿಗೆ ಅವು ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷಿನ ಚೂರುಪಾರು. ಅಂಥ ಒಂದು ಪುಟವನ್ನು ಓದಿಸಿದೆ. ಯಂತ್ರ ಅಸಡ್ಡಾಳವಾಗಿ ಒದರಿತು, ಎಲ್ಲರೂ ನಕ್ಕರು. ಆಮೇಲೆ ಬೆಂಗಳೂರಿನಲ್ಲಿ ಅಪ್ಪನ ಪುಸ್ತಕ ತೆರೆದಾಗ ನಾನು ಧ್ವನಿಮುದ್ರಿಸಿಕೊಂಡಿದ್ದನ್ನು ಕೇಳಿಸಿದೆ. ಚಿತ್ರ. ಚಿತ್ರ. ಚಿತ್ರ. ಇದಕ್ಕೆ ಯಾರೂ ನಗಲಿಲ್ಲ. ಅದು ಅವರಿಗೂ ಗೊತ್ತಿದ್ದ ಸದ್ದು.

ಅಚ್ಚು ಓದಲಾಗದವರಿಗಾಗಿ ದೇಶದೇಶಗಳು ಮಾಡಿಕೊಂಡ ಒಪ್ಪಂದವೊಂದಿದೆ. ಅದರ ಪ್ರಕಾರ ನಮ್ಮಂಥವರಿಗಾಗಿ ಪುಸ್ತಕವನ್ನು ಓದುವ ರೂಪಕ್ಕೆ ತರಲು ಹಕ್ಕುದಾರರ ಅಪ್ಪಣೆ ಬೇಕಿಲ್ಲ, ಒಂದು ದೇಶದ ಪ್ರತಿ ಇನ್ನೊಂದಕ್ಕೆ ಹೋಗಬಹುದು. ಅದನ್ನು ನಂಬಿಕೊಂಡೇ ನಾನು ಬಂದದ್ದು. ಚಹದ ಹೊತ್ತಿನಲ್ಲಿ ಹಲವರು ಬಂದು ಮಾತಾಡಿಸಿದರು. ನಾನು ಶಿಲ್ಪಿಯ ಮಗಳು ಎಂದು ತಿಳಿದು, ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ಬಿಡಿಸುತ್ತಾರಂತಲ್ಲ, ಅದರ ಬಗ್ಗೆ ಹೇಳಿ ಎಂದು ಮೂವರು ಕೇಳಿದರು. ಊರಿನಲ್ಲೂ ನನ್ನನ್ನು ಎಲ್ಲರೂ ಕೇಳುವುದು ಅದನ್ನೇ. ಅದರ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ಪುಸ್ತಕಾಲಯ, ನವೆಂಬರ್ 12

ಪುಸ್ತಕಾಲಯ ಒಂದು ಹಳೆಯ ಶಾಲೆಯ ಕಟ್ಟಡದಲ್ಲಿತ್ತು. ಅಲ್ಲಿ ನಮ್ಮನ್ನು ಬರಮಾಡಿಕೊಂಡವರು ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸು. ಕೈ ಹಿಡಿಯುವ ಮುಂಚೆ ಕೇಳಿದರು. ಮೊಬೈಲುಗಳನ್ನು ಬಾಗಿಲಲ್ಲೇ ಒಂದು ಡಬ್ಬಿಗೆ ಹಾಕಿಸಿಕೊಂಡರು, ಅದು ಅಲ್ಲಿನ ನಿಯಮ. ನನ್ನ ತಲೆಗೆ ಹೆಡ್‌ಫೋನ್ ಇಟ್ಟರು.

ಮೊದಲು ಯಂತ್ರದ ಇಂಗ್ಲಿಷ್ ದನಿ. ಅಪ್ಪನ ಹೆಸರನ್ನು ಅದು ಮುರಿದು ಮೂರು ತುಂಡು ಮಾಡಿ ಹೇಳಿತು. ಆಮೇಲೆ ಗುರುತಿಗೆ ಗಂಟೆಯ ಟಣ್ ಸದ್ದು. ಆಮೇಲೆ ಶೆಡ್ಡು. ಶೀಟಿನ ಮೇಲೆ ಕಾಗೆ, ದೂರದಲ್ಲಿ ಯಾರದೋ ಉಳಿ. ಆಮೇಲೆ ಅಪ್ಪ. "ಕಲ್ಲು ನೋಡೋಕ್ ಮುಂಚೆ ಕೇಳ್ಬೇಕಮ್ಮ. ಬಡೀಬೇಕು, ಅದು ಮಾತಾಡ್ಬೇಕು. ಗಂಟೆ ಥರ ಅಂದ್ರೆ ಗಂಡು ಕಲ್ಲು. ತಾಳದ ಥರ ಸಣ್ಣಗ್ ಅಂದ್ರೆ ಹೆಣ್ಣು. ಏನೂ ಅನ್ದೆ ಇದ್ರೆ ಅದು ದೇವರಿಗಾಗಲ್ಲ, ಮೆಟ್ಲಿಗೆ ಹಾಕ್ಬೇಕು."

ಅತ್ತಿಗೆ ನನ್ನ ಮೊಣಕೈ ತಿವಿದಳು. "ಮಾವನೇನಾ? ನಂಗೂ ಕೊಡು."

ಮಾರ್ಗರೆಟ್ ಬೇಸರದಿಂದಲೇ ತಡೆದರು. ಈ ಪ್ರತಿ ಅಚ್ಚು ಓದಲಾಗದವರಿಗೆ ಮಾತ್ರ ಮಾಡಿದ್ದು. ಕಣ್ಣಿರುವವರಿಗೆ ಕೇಳಿಸಿದರೆ ತಪ್ಪಾಗುತ್ತದೆ. ನಾನು ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ.

"ನಮ್ಮ ಮಾವ ಆಡಿರೋ ಮಾತು. ಅದನ್ನ ನಾನು ಕೇಳೋಕೆ ಕಣ್ಣು ಕಿತ್ಕೋಬೇಕಾ?" ಎಂದಳು ಅತ್ತಿಗೆ. ಇದನ್ನು ನಾನು ತಿರುಗಿಸಲಿಲ್ಲ.

ಆಮೇಲೆ ಮುಖ್ಯ ಮಾತು ಬಂತು. ಪುಸ್ತಕದ ಅಕ್ಷರಭಾಗವನ್ನು ನನಗೆ ಇವತ್ತೇ ಕೊಡಬಹುದು, ಒಪ್ಪಂದ ಅದಕ್ಕೆ ಅವಕಾಶ ಕೊಡುತ್ತದೆ ಎಂದರು ಮಾರ್ಗರೆಟ್. ಆದರೆ ಅಪ್ಪನ ದನಿ ಅಕ್ಷರವಲ್ಲ. ಅದು ಧ್ವನಿಮುದ್ರಣ, ಅದರ ಹಕ್ಕು ಬೇರೆ, ಆ ಹಕ್ಕು ಪ್ರಕಾಶಕರದು. ಪುಸ್ತಕಾಲಯ ಅದನ್ನು ಈ ಕೋಣೆಯಲ್ಲಿ ಕೇಳಿಸಬಹುದು, ಅಷ್ಟೇ. ಅಪ್ಪ ಸಹಿ ಹಾಕಿದ ಕಾಗದ ಎಂಥದ್ದು ಎಂದು ನನಗೆ ಆಗ ತಿಳಿಯಿತು.

ಆಕೆ ಒಳ್ಳೆಯವರು. ಅಲ್ಲೇ ಕೂತು ಪ್ರಕಾಶಕರ ಹಕ್ಕು ವಿಭಾಗಕ್ಕೆ ಫೋನು ಹಚ್ಚಿ ನನಗೆ ಕೊಟ್ಟರು. ಆ ಕಡೆ ಒಬ್ಬ ಗಂಡಸು, ಮೆತ್ತನೆಯ ದನಿ. ನಾನು ಎಲ್ಲವನ್ನೂ ಹೇಳುವ ಮೊದಲೇ ಅವರು ಕೇಳಿದರು: ಮಾತಾಡಿದ ಹಿರಿಯರು ಬದುಕಿದ್ದಾರೆಯೇ, ಚೆನ್ನಾಗಿದ್ದಾರೆಯೇ?

"ಇದ್ದಾರೆ. ಈಗ ಚೆನ್ನಾಗಿದ್ದಾರೆ" ಎಂದೆ.

ಬಾಯಿಗೆ ಬಂದದ್ದೇ ಹಾಗೆ. ಯೋಚಿಸಿ ಆಡಿದ್ದಲ್ಲ. ಯಾರಾದರೂ ಕುಡಿಯಲು ನೀರು ಕೇಳಿದರೆ ಲೋಟಕ್ಕೆ ಕೈ ಹೋಗುವ ಹಾಗೆ. ಪಕ್ಕದಲ್ಲಿ ಅತ್ತಿಗೆಯೂ ಇಂಗ್ಲಿಷ್ ಅರ್ಥವಾದಷ್ಟಕ್ಕೆ "ಫೈನ್, ಫೈನ್" ಎಂದು ದನಿ ಸೇರಿಸಿದಳು.

ಅವರಿಗೆ ಬಹಳ ಸಂತೋಷವಾಯಿತು. ಹಾಗಿದ್ದರೆ ಸುಲಭ ಎಂದರು. ಮಾತಾಡಿದವರೇ ಕೇಳಿದರೆ ಅವರ ದನಿಯ ಒಂದು ಪ್ರತಿಯನ್ನು ಅವರಿಗೆ ಕೊಡುವ ಪದ್ಧತಿ ಸಂಸ್ಥೆಯಲ್ಲಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಫೋನು ಮಾಡುತ್ತೇವೆ, ಕನ್ನಡ ಬಲ್ಲ ಒಬ್ಬ ದುಭಾಷಿಯೂ ಇರುತ್ತಾರೆ, ನಿಮ್ಮ ತಂದೆ ಒಪ್ಪಿಗೆ ಎಂದು ಹೇಳಿದರೆ ಸಾಕು. ಅವರಿಗೆ ಮಾತಾಡುವುದು ಸ್ವಲ್ಪ ಕಷ್ಟ ಎಂದೆ. ತೊಂದರೆಯಿಲ್ಲ, ಒಂದು ಹೌದು ಸಾಕು ಎಂದರು.

ಹೋಟೆಲಿಗೆ ಬಂದು ಅಣ್ಣನಿಗೆ ತಿಳಿಸಿದೆ. ಅತ್ತಿಗೆ ಚಹದ ಕೆಟಲಿನಲ್ಲಿ ನೀರು ಕಾಯಿಸಿ ರಾಗಿ ಹುರಿಹಿಟ್ಟು ಕಲಸಿಕೊಟ್ಟಳು. ಒಂದು ಹೌದು ಸಾಕು ಎಂಬುದನ್ನು ನಾನು ಸ್ಲೇಟಿನಲ್ಲಿ ಚುಚ್ಚಿಟ್ಟೆ.

ಪುಸ್ತಕಾಲಯ, ನವೆಂಬರ್ 13

ಊರಿನಲ್ಲಿ ಬೆಳಿಗ್ಗೆಯಿಂದ ಅಪ್ಪನಿಗೆ ಅಭ್ಯಾಸ ಮಾಡಿಸಿದ್ದರು. ಅಣ್ಣ ಕೆಲಸ ನಿಲ್ಲಿಸಿ ಎದುರು ಕೂತು "ಹೂಂ ಅನ್ನಿ ಅಪ್ಪ" ಎಂದು ಹೇಳಿಕೊಟ್ಟನಂತೆ. ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪ ಮೂರು ಸಲ "ಹೂಂ" ಎಂದರಂತೆ. "ಮೂರನೇ ಸಲ ಬಹಳ ಚೆನ್ನಾಗಿ ಬಂತು ಕಣೇ" ಎಂದ ಅಣ್ಣ. ಅವನ ದನಿಯಲ್ಲಿ ಪರೀಕ್ಷೆಗೆ ಮಗುವನ್ನು ಕಳಿಸುವವರ ಗಾಬರಿ ಇತ್ತು.

ಹತ್ತಕ್ಕೆ ಸರಿಯಾಗಿ ಫೋನು ಬಂತು. ಊರಿನಲ್ಲಿ ಆಗ ಮಧ್ಯಾಹ್ನ ಮೂರೂವರೆ. ಹಕ್ಕು ವಿಭಾಗದವರು, ದುಭಾಷಿ, ಊರಿನಲ್ಲಿ ಅಣ್ಣ ಮತ್ತು ಅಪ್ಪ, ಇಲ್ಲಿ ಮಾರ್ಗರೆಟ್ ಅವರ ಮೇಜಿನ ಸ್ಪೀಕರಿನ ಮುಂದೆ ನಾವು. ಈ ಕರೆ ಧ್ವನಿಮುದ್ರಣವಾಗುತ್ತಿದೆ ಎಂದು ಮೊದಲೇ ಹೇಳಿದರು. ದುಭಾಷಿ ಹೆಣ್ಣುಮಗಳ ಕನ್ನಡ ಧಾರವಾಡದ ಕಡೆಯದು, ಬಹಳ ಸ್ಪಷ್ಟ. ನಂಜುಂಡಾಚಾರಿಯವರೇ, ತಾವು ಹಿಂದೆ ಆಡಿದ ಮಾತುಗಳ ಧ್ವನಿಮುದ್ರಣದ ಪ್ರತಿಯನ್ನು ತಮಗೆ ಕೊಡಬೇಕೆಂದು ತಾವು ಕೇಳುತ್ತಿದ್ದೀರೇನು, ಇದಕ್ಕೆ ತಮ್ಮ ಒಪ್ಪಿಗೆ ಇದೆಯೇನು ಎಂದು ಕೇಳಿದರು.

ಮೊದಲು ಕಾಗೆಯ ಸದ್ದು ಬಂತು. ನಮ್ಮ ಶೆಡ್ಡಿನ ಕಾಗೆಗಳು.

"ಬೇಡ" ಎಂದರು ಅಪ್ಪ.

"ಅಪ್ಪ, ಹೂಂ ಅನ್ನಿ. ಆಗ ಅಂದ್ರಲ್ಲ. ಹೂಂ."

"ಬೇಡ. ಬೇಡ. ಬೇಡ."

ಅದು ಕೊಡಿ ಎನ್ನುವ ಬೇಡ. ಅದರ ಕೊನೆ ಮೇಲಕ್ಕೆ ಹೋಗುತ್ತದೆ, ಕೈ ಚಾಚಿದ ಹಾಗೆ. ಮನೆಯ ಮಗುವಿಗೂ ಅದು ಗೊತ್ತು. ದುಭಾಷಿ ಒಂದು ಗಳಿಗೆ ತಡೆದು, ತಮ್ಮ ಕೆಲಸ ಮಾಡಿದರು: ತಮಗೆ ಬೇಡ ಎನ್ನುತ್ತಿದ್ದಾರೆ.

ನಾನು ಮಧ್ಯೆ ಬಾಯಿ ಹಾಕಿದೆ. ಲಕ್ವ ಹೊಡೆದದ್ದು, ಒಂದೇ ಪದ ಉಳಿದದ್ದು, ಡಾಕ್ಟರು ಹೇಳಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಮೆತ್ತನೆಯ ದನಿ ಇನ್ನೂ ಮೆತ್ತಗಾಯಿತು. ಅವರು ಚೆನ್ನಾಗಿದ್ದಾರೆ ಎಂದು ನಿನ್ನೆ ನೀವೇ ಹೇಳಿದಿರಿ, ಅದನ್ನು ಬರೆದುಕೊಂಡಿದ್ದೇನೆ ಎಂದರು. ಚೆನ್ನಾಗಿರುವ ಒಬ್ಬರು ನಾಲ್ಕು ಸಲ ಬೇಡ ಎಂದಿದ್ದಾರೆ. ಪಕ್ಕದಲ್ಲಿ ಮನೆಯವರು ಒತ್ತಾಯ ಮಾಡುವುದೂ ಕೇಳಿಸಿತು. ಅದರ ಮೇಲೆ ಸಂಸ್ಥೆ ಇನ್ನೇನೂ ಮಾಡುವ ಹಾಗಿಲ್ಲ. ನಿನ್ನೆಯೇ ಕಾಯಿಲೆ ಎಂದಿದ್ದರೆ ಫೋನು ಮಾಡುತ್ತಲೇ ಇರಲಿಲ್ಲ, ಅವರ ಪರವಾಗಿ ಮನೆಯವರು ಕೇಳಲು ಬೇರೆ ದಾರಿ ಇತ್ತು ಎಂದರು. ಈಗ ಕಡತದಲ್ಲಿ ಅವರದೇ ನಿರಾಕರಣೆ ಇದೆ. ಕ್ಷಮಿಸಿ ಎಂದು ಎರಡು ಸಲ ಹೇಳಿ ಫೋನು ಇಟ್ಟರು.

ಊರಿನ ಕಡೆ ಫೋನು ಇನ್ನೂ ತೆರೆದೇ ಇತ್ತು. "ಆಯ್ತಾ? ಕೊಡ್ತಾರಂತಾ?" ಎಂದು ಅಮ್ಮ ಹಿಂದಿನಿಂದ ಕೇಳುತ್ತಿದ್ದಳು. ಅಪ್ಪ ಅಲ್ಲೇ ಇದ್ದರು. ಅವರಿಗೆ ಎಲ್ಲ ಅರ್ಥವಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಮೊದಲೇ ಬರೆದಿದ್ದೇನೆ.

ಹೋಟೆಲಿನ ತನಕ ಅತ್ತಿಗೆ ನನ್ನ ಕೈ ಬಿಡಲಿಲ್ಲ. "ನಾನೂ ಫೈನ್ ಅಂದೆನಲ್ಲೇ" ಎಂದು ಒಂದು ಸಲ ಹೇಳಿದಳು. ಆಮೇಲೆ ಮಳೆಯಲ್ಲೇ ನಡೆದೆವು.

ಪುಸ್ತಕಾಲಯ, ನವೆಂಬರ್ 14

ಸಂಜೆ ವಿಮಾನ. ನಮ್ಮ ಜೊತೆ ಸಭೆಗೆ ಬಂದಿದ್ದವರೆಲ್ಲ ಕೋಟೆ, ಕೆರೆ ನೋಡಲು ಬಸ್ಸು ಹತ್ತಿದರು. ನಾವು ಪುಸ್ತಕಾಲಯ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದೆವು.

ಡಬ್ಬಿಗೆ ಹಾಕಲು ಅತ್ತಿಗೆ ನನ್ನ ಫೋನನ್ನು ಮಾತ್ರ ಕೊಟ್ಟಳು. ತನ್ನದನ್ನು ಸೆರಗಿನ ಒಳಗೆ ಇಟ್ಟುಕೊಂಡಿದ್ದಳು. ಮಾರ್ಗರೆಟ್ ಚಹ ತರಲು ಹೋದಾಗ ಅದನ್ನು ನನ್ನ ಅಂಗೈಗೆ ಒತ್ತಿದಳು. "ಕಿವಿಗಿಟ್ಟಿರೋದನ್ನ ಇದಕ್ಕೆ ಒತ್ಕೋ ಸಾಕು. ನಾನು ಬಾಗಿಲಲ್ಲಿರ್ತೀನಿ. ಯಾರಪ್ಪನ ಗಂಟು ಹೋಗುತ್ತೆ? ನಿಮ್ಮಪ್ಪಂದೇ ಅಲ್ವಾ."

ಫೋನು ಅವಳ ಮೈಬಿಸಿಗೆ ಬೆಚ್ಚಗಿತ್ತು. ನಾನು ಅದನ್ನು ಹಿಡಿದುಕೊಂಡು ಕೂತೆ. ಈ ಕೋಣೆಯಿಂದ ದನಿ ಹೊರಗೆ ಹೋಯಿತು ಎಂದು ಒಂದು ದೂರು ಬಂದರೆ, ಪುಸ್ತಕಾಲಯಕ್ಕೆ ಇಂಥ ಪುಸ್ತಕ ಮಾಡಲು ಇರುವ ಮಾನ್ಯತೆಯನ್ನೇ ಕಿತ್ತುಕೊಳ್ಳಬಹುದು. ಸಭೆಯಲ್ಲಿ ಚಿತ್ರ, ಚಿತ್ರ ಎಂಬುದಕ್ಕೆ ನಗದೆ ಕೂತವರ ಪುಸ್ತಕಗಳೆಲ್ಲ ಈ ಮನೆಯಿಂದ ಹೋಗುತ್ತವೆ. ಅಣ್ಣನ ಮಗಳು ನಾಳೆ ಅಪ್ಪನ ದನಿಯನ್ನು ಗೆಳತಿಯರಿಗೆ ಕಳಿಸದೆ ಇರುತ್ತಾಳೆಯೇ? ಫೋನನ್ನು ಅತ್ತಿಗೆಗೆ ವಾಪಸು ಕೊಟ್ಟೆ.

"ನಿಂಗೆ ನಿಯಮ ಜಾಸ್ತಿ ಕಣೇ ಭಾರ್ತಿ" ಎಂದಳು. ಆಮೇಲೆ ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ.

ಪುಸ್ತಕದಲ್ಲಿ ಅಪ್ಪನ ದನಿ ಹನ್ನೊಂದು ಕಡೆ ಇದೆ. ಎಲ್ಲ ಸೇರಿ ಮುಕ್ಕಾಲು ಗಂಟೆಯೂ ಇಲ್ಲ. ಪ್ರತಿಯೊಂದನ್ನೂ ಬಾಯಿಪಾಠವಾಗುವ ತನಕ ಕೇಳಿದೆ. ಉಳಿಯನ್ನು ಬೆಂಕಿಗಿಟ್ಟು ಹದ ಮಾಡುವ ಮಾತು, ಒಂದು ಗಣಪತಿಯ ಸೊಂಡಿಲು ಮುರಿದು ಗಿರಾಕಿಗೆ ಹೇಳಲು ಹೆದರಿದ ಮಾತು. ಅಪ್ಪ ನಗುತ್ತಾರೆ, ಕೆಮ್ಮುತ್ತಾರೆ, ತೆಲುಗಿನಲ್ಲಿ ಯಾರಿಗೋ ಬೈಯುತ್ತಾರೆ. ಅವರು ಅಷ್ಟು ಮಾತಾಡಬಲ್ಲವರು ಎಂದು ನನಗೆ ಗೊತ್ತೇ ಇರಲಿಲ್ಲ. ಚಕ್ಕೆ ಹಾರಿ ಗಾಯವಾದೀತೆಂದು ನನ್ನನ್ನು ಆ ಶೆಡ್ಡಿನೊಳಕ್ಕೆ ಯಾರೂ ಬಿಡುತ್ತಿರಲಿಲ್ಲ.

ಏಳನೆಯದರಲ್ಲಿ ಅಪ್ಪ ಮತ್ತೆ ಕಲ್ಲು ಬಡಿಯುವುದನ್ನೇ ವಿವರಿಸುತ್ತಿರುತ್ತಾರೆ. ಅರ್ಧಕ್ಕೆ ನಿಲ್ಲಿಸುತ್ತಾರೆ. ದನಿ ಬೇರೆ ಕಡೆಗೆ ತಿರುಗುತ್ತದೆ.

"ಲೇ ಭಾರ್ತಿ, ಅಲ್ಲೇ ನಿಂತ್ಕೊಳೇ. ಕಾಲಿಗೆ ಚುಚ್ಚುತ್ತೆ. ತಡಿ, ನಾನೇ ಎತ್ಕೊಂತೀನಿ." ಹೆಜ್ಜೆಗಳು. ಕಲ್ಲಿನ ಪುಡಿ ತುಳಿಯುವ ಸದ್ದು. "ಹ್ಞಾ, ಇಲ್ ಹಿಡ್ಕೊ. ಹೊಡಿ. ಇನ್ನೊಂದ್ಸಲ. ಏನಂತು ಕಲ್ಲು?"

ಒಂದು ಮಗು ನಗುತ್ತದೆ. ಕಲ್ಲು ಗಂಟೆಯ ಹಾಗೆ ಅನ್ನುತ್ತದೆ.

ನನಗೆ ಅದು ನೆನಪಿಲ್ಲ. ಎಷ್ಟು ಸಲ ಕೇಳಿದರೂ ನೆನಪಾಗಲಿಲ್ಲ. ಆ ಮಧ್ಯಾಹ್ನ ಇರುವುದು ಗ್ಲಾಸ್ಗೊದ ಆ ಕೋಣೆಯಲ್ಲಿ ಮಾತ್ರ.

ಹೊರಡುವಾಗ ಮಾರ್ಗರೆಟ್ ಅಕ್ಷರಭಾಗದ ಪ್ರತಿಯನ್ನು ನನ್ನ ಯಂತ್ರಕ್ಕೆ ಹಾಕಿಕೊಟ್ಟರು. ಏಳನೆಯ ದನಿ ಇದ್ದ ಜಾಗವನ್ನು ತೆರೆದು ನೋಡಿದೆ. ಕಲ್ಲಿನ ಬಗ್ಗೆ ಅಪ್ಪ ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿದೆ. ನಡುವೆ ಒಂದು ಕಡೆ ಯಂತ್ರ "ಅಡಚಣೆ" ಎಂಬರ್ಥದ ಒಂದು ಪದ ಓದಿತು. ಆಮೇಲೆ ಕಲ್ಲು ಮುಂದುವರಿಯಿತು.

ಶಿವಾರಪಟ್ಟಣ, ನವೆಂಬರ್ 16

ಮಾಲೂರಿಗೆ ಅಣ್ಣ ಕಾರು ತಂದಿದ್ದ. ಬೀದಿಯವರು ಬಂದು ಏನೇನು ನೋಡಿದೆ ಎಂದು ಕೇಳಿದರು. ರಸ್ತೆ ದಾಟಿಸುವ ಲೋಹದ ಬುಗುರಿಯ ಬಗ್ಗೆ ಹೇಳಿದೆ. ಅಪ್ಪ ಹೇಗಿದ್ದಾರೆ ಎಂದು ಒಬ್ಬರು ಕೇಳಿದರು. ಅಮ್ಮ ಸುಮ್ಮನಿದ್ದಳು.

ಎಲ್ಲರೂ ಹೋದ ಮೇಲೆ ಅಪ್ಪನ ಮಂಚದ ಪಕ್ಕ ಕೂತೆ. ಹನ್ನೊಂದನ್ನೂ ಮೊದಲಿನಿಂದ ಹೇಳತೊಡಗಿದೆ, ಅವರು ಹೇಳಿದ ಹಾಗೇ, ನಿಲ್ಲಿಸಿದಲ್ಲಿ ನಿಲ್ಲಿಸಿ, ಕೆಮ್ಮಿದಲ್ಲಿ ಬಿಟ್ಟು. ನನ್ನ ದನಿಯಲ್ಲಿ ಅದು ಅವರದಾಗಿ ಕೇಳಿಸಲಿಲ್ಲ. ಸೊಂಡಿಲು ಮುರಿದದ್ದಕ್ಕೆ ಅಮ್ಮ ನಕ್ಕಳು, ಅವಳಿಗೂ ಅದು ಗೊತ್ತಿರಲಿಲ್ಲವಂತೆ. ಅಪ್ಪನ ಉಸಿರು ಮಾತ್ರ ಕೇಳುತ್ತಿತ್ತು.

ಏಳನೆಯದಕ್ಕೆ ಬಂದೆ. ಪುಸ್ತಕದಲ್ಲಿ ಅಡಚಣೆ ಎಂದಿರುವ ಜಾಗದಲ್ಲಿ ಇರುವುದನ್ನು ಹೇಳಿದೆ. ಲೇ ಭಾರ್ತಿ, ಅಲ್ಲೇ ನಿಂತ್ಕೊಳೇ. ಕಾಲಿಗೆ ಚುಚ್ಚುತ್ತೆ. ತಡಿ, ನಾನೇ ಎತ್ಕೊಂತೀನಿ.

ಅಪ್ಪನ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಬಿಗಿಯಾಗಿ.

"ಬೇಡ" ಎಂದರು.

ನಾನು ಅದನ್ನು ಮತ್ತೆ ಮೊದಲಿನಿಂದ ಹೇಳಿದೆ.